ಹೊಂಬೇಗೌಡನ ಟ್ರೌಟ್ ದಿಗ್ವಿಜಯ

ಎಲೈ ವಾಗ್ದೇವಿಯೇ, ಈ ಬಡಕಥಕನ ನಾಲಗೆಯ ಮೇಲೆ ಅರೆಗಳಿಗೆ ನೆಲೆಸು! ಧರ್ಮವು ಒಂಟಿಗಾಲಿನಲ್ಲಿ ಕುಂಟುವ ಈ ಕಲಿಯುಗದಲ್ಲಿ, ನೀಲಗಿರಿಯ ಶಿಖರಗಳು ವಸಂತದ ಬಿಸಿಲಿಗೆ ಮೈಯೊಡ್ಡಿದ್ದ ಪ್ರಾತಃಕಾಲದಲ್ಲಿ, ಹುಣಸೂರಿನ ಟೈರಂಗಡಿಗೆ ಏಕಚ್ಛತ್ರಾಧಿಪತಿಯೂ, ಜಲಚರಕುಲಭಯಂಕರನೆಂದು ತನಗೆ ತಾನೇ ಬಿರುದಿತ್ತುಕೊಂಡವನೂ ಆದ ಹೊಂಬೇಗೌಡನು, ಸೊಂಟದುದ್ದದ ರಬ್ಬರ್ ಬೂಟೆಂಬ ಅಭೇದ್ಯಕವಚವನ್ನು ತೊಟ್ಟು, ಹೊಚ್ಚಹೊಸ ಗಾಳದ ಕೋಲೆಂಬ ಮಹಾಧನುಸ್ಸನ್ನು ಹಿಡಿದು ಹೊಳೆಗಿಳಿದ ವೃತ್ತಾಂತವನ್ನು ನುಡಿಸು.

ಹೋದ ವಸಂತದಲ್ಲಿ ಇದೇ ಹೊಳೆಯಲ್ಲಿ ಅವನಿಗೆ ಒಂದು ಮೀನೂ ಸಿಕ್ಕಿರಲಿಲ್ಲ. ಬಾಲ್ಯಸಖನಾದ ಡ್ರಿಲ್ ಮಾಸ್ತರ ಜವರಪ್ಪನಿಗೆ ಸಿಕ್ಕಿತ್ತು. ಆ ಕಥೆಯನ್ನು ಜವರಪ್ಪ ಮದುವೆಮನೆಯ ಪಂಕ್ತಿಯಲ್ಲೂ ತಿಥಿಮನೆಯ ಚಾಪೆಯ ಮೇಲೂ ವರ್ಷವಿಡೀ ಹೇಳಿದ್ದ. ಗೌಡನಿಗೆ ನಿಜವಾಗಿಯೂ ನೋವಾಗಿತ್ತು.

"ಕೇಳು ಜವರಪ್ಪಾ!" ಎಂದು ಗುಡುಗಿದನು ವೀರ. "ಸೂರ್ಯನು ನೆತ್ತಿಗೇರುವ ಮುನ್ನ ಈ ನದಿಯ ಟ್ರೌಟ್ ಚಕ್ರವರ್ತಿಯನ್ನು ದಡಕ್ಕೆಳೆಯದಿದ್ದರೆ, ನಿನ್ನ ಮೀನುಸಾರಿಗೆ ನಾನೇ ಕುಳಿತು ಕಾಯಿ ತುರಿಯುವೆನು! ಇದು ಹೊಂಬೇಗೌಡನ ಶಪಥ!"

ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡದ ಮಹಾಪುರುಷನ ಈ ಘೋರಪ್ರತಿಜ್ಞೆಗೆ ಅಷ್ಟದಿಕ್ಪಾಲಕರೂ ನಡುಗಿದರಂತೆ. ಜವರಪ್ಪ ನಡುಗಲಿಲ್ಲ.

"ಆಯ್ತು ಕಣಪ್ಪ, ಮೊದ್ಲು ಬೂಟು ಎಡಬಲ ನೋಡ್ಕಂಡು ಹಾಕ್ಕೊ," ಎಂದು ಕೆಳಗಿನ ಮಡುವಿನತ್ತ ನಡೆದ.

ಟ್ರೌಟ್ ಬಲು ಪುಕ್ಕಲು ಮೀನು. ದಡದಲ್ಲಿ ಕೆಮ್ಮಿದರೂ ಓಡುತ್ತದೆ ಎಂದು ಜವರಪ್ಪ ಕಾರಿನಲ್ಲಿ ದಾರಿಯುದ್ದಕ್ಕೂ ಹೇಳಿದ್ದ. ಆದರೆ ಹೊಸ ಆಯುಧವನ್ನು ಪೂಜೆಯಿಲ್ಲದೆ ಎತ್ತುವುದುಂಟೆ? ಮಿಕ್ಸಿಗೂ ಕುಂಕುಮವಿಟ್ಟ ವಂಶವದು. ಗೌಡನು ಗಾಳದ ಕೋಲಿಗೆ ಅರಿಶಿನ ಬಳಿದು, ಹುಳುವಿನಂತೆ ಕಾಣಲೆಂದು ಪುಕ್ಕ ಕಟ್ಟಿದ್ದ ಕೊಕ್ಕೆಗೆ ಊದುಬತ್ತಿ ಬೆಳಗಿ, ಹೊಳೆಯ ನಡುಬಂಡೆಗೆ ತೆಂಗಿನಕಾಯಿಯನ್ನು ಫಟಾರೆಂದು ಅಪ್ಪಳಿಸಿದನು. ಹೋಳುಗಳು ನೀರಿಗೆ ಹಾರಿದವು. ಆ ಸಿಡಿಲಿಗೆ ಮಡುವಿನ ಸಕಲ ಟ್ರೌಟ್ ಸಂಸಾರವೂ ಮಕ್ಕಳುಮರಿ ಸಮೇತ ಕೆಳಗಿನ ಮಡುವಿಗೆ, ಅಂದರೆ ಜವರಪ್ಪನ ಕಾಲಬುಡಕ್ಕೆ, ಗುಳೆ ಹೋಯಿತು.

ಇದನ್ನರಿಯದ ವೀರನು ಮೀನಿಲ್ಲದ ಮಡುವಿನೊಡನೆ ಕಾದಿದ ಮಹಾಸಮರವನ್ನು ಏನೆಂದು ಬಣ್ಣಿಸಲಿ! ಬೀಸಿದ ದಾರವು ಒಮ್ಮೆ ಪೊದೆಯನ್ನು ಸೆರೆಹಿಡಿಯಿತು, ಒಮ್ಮೆ ಸ್ವಂತ ಟೋಪಿಯನ್ನು. ಬೆವರಿಳಿಯಿತು. ಕೊನೆಗೆ, ಸೂರ್ಯನು ನೆತ್ತಿಯನ್ನು ಇನ್ನೇನು ಮುಟ್ಟಬೇಕು ಎನ್ನುವಾಗ, ದಾರ ಬಿಗಿಯಿತು! ಕೋಲು ಬಾಗಿತು! ಬಿರುದಾಂಕಿತನ ಬಾಯಿಂದ ಸಂಸ್ಕೃತವೆಲ್ಲ ಉದುರಿಹೋಯಿತು.

"ಬಂತು ಕಣ್ಲಾ ಜವರಾ! ಒಳ್ಳೆ ಎಮ್ಮೆಕರ ಇದ್ದಂಗದೆ! ಬಲೆ ತಗಂಡ್ ಬಾರ್ಲಾ ಬಿರ್‍ನೆ!"

ಜವರಪ್ಪ ಎದ್ದುಬಿದ್ದು ಓಡಿಬಂದ. ಕಲ್ಲುಗಳ ಸಂದಿಗೆ ಕೈಹಾಕಿ, ಸಿಕ್ಕದ್ದನ್ನು ಬಲೆಗೆ ತುಂಬಿ ಮೇಲೆತ್ತಿದ. ಒಳಗಿದ್ದದ್ದು ತೆಂಗಿನಕಾಯಿಯ ಹೋಳು. ಕೊಕ್ಕೆ ಅದರ ಜುಟ್ಟನ್ನು ಭದ್ರವಾಗಿ ಕಚ್ಚಿಕೊಂಡಿತ್ತು.

ಜವರಪ್ಪ ಕೊಕ್ಕೆ ಬಿಡಿಸಿ, ಹೋಳನ್ನು ಹೊಳೆಯಲ್ಲಿ ಜಾಲಿಸಿದ.

"ನಿನ್ ಪೂಜೆ ಸುಮ್ನೆ ಹೋಗ್ನಿಲ್ಲ ಬುಡು," ಎಂದ ಜವರಪ್ಪ, ತನ್ನ ಚೀಲ ಬಿಚ್ಚಿ ಕೊಬ್ಬಿದ ಟ್ರೌಟುಗಳನ್ನು ತೋರಿಸುತ್ತ. "ನೀ ಕಾಯಿ ಒಡ್ದೇಟ್ಗೆ ಎಲ್ಲಾ ನನ್ನತ್ರಕ್ಕೇ ಬಂದೊ. ಸಾರ್‌ಗೆ ಕಾಯೊಂದು ಬೇಕಾಗಿತ್ತು. ಅದ್ನೂ ನೀನೇ ಹಿಡ್ದೆ."

ಮಧ್ಯಾಹ್ನ, ಇಬ್ಬರೂ ಇಳಿದುಕೊಂಡಿದ್ದ ಅತಿಥಿಗೃಹದ ಅಡುಗೆಮನೆಯಲ್ಲಿ, ಜಲಚರಕುಲಭಯಂಕರನು ಒದ್ದೆ ಬೂಟಿನಲ್ಲೇ ತುರಿಮಣೆಯೆಂಬ ಸಿಂಹಾಸನವನ್ನು ಅಲಂಕರಿಸಿ, ತನ್ನ ಏಕೈಕ ಬೇಟೆಯನ್ನು ತುರಿಯತೊಡಗಿದನು. ಜವರಪ್ಪ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. ಮುಂದಿನ ತಿಂಗಳು ನೆಂಟರಲ್ಲಿ ಮದುವೆಗಳು ಬೇಕಾದಷ್ಟಿದ್ದವು.

"ಸಣ್ಗೆ ತುರಿಯೋ, ಕರಟ ಬತ್ತಾ ಅದೆ."

ಗೌಡ ಸಣ್ಣಗೆ ತುರಿದ.