ಡಬ್ಬಿ ರೊಟ್ಟಿಯ ಜೀವಸತ್ವ

ಅಡುಗೆಯಲ್ಲಿ ಕೈ ಪಳಗಿದವರಿಗೇ ಅಡುಗೆ ಕಲಿಸಲು ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ಐವತ್ತರ ದಶಕದಲ್ಲಿ ನಾನು ಗ್ರಾಮಸೇವಿಕೆಯಾಗಿ ಕಟಕೋಳದ ಹತ್ತಿರದ ಒಂದು ಹಳ್ಳಿಗೆ ಹೋದೆ. ಮನೆಯಲ್ಲೇ ಸಿಗುವ ಜೋಳ, ಶೇಂಗಾ, ಬೆಲ್ಲ, ಸೊಪ್ಪಿನಿಂದ ಪುಷ್ಟಿಯ ತಿನಿಸು ಮಾಡುವುದನ್ನು ಹೆಂಗಸರಿಗೆ ಕಲಿಸುವುದು ನನ್ನ ಕೆಲಸ. ಮೂರು ತಿಂಗಳಾದ ಮೇಲೆ ಇಲಾಖೆಯ ಸಾಹೇಬರು ನೋಡಲು ಬರುತ್ತಾರೆ. ಅವರಿಗೆ ಸರಿಬಾರದಿದ್ದರೆ ಕ್ಲಾಸೂ ಇಲ್ಲ, ನನ್ನ ನೌಕರಿಯೂ ಇಲ್ಲ. ಬೈಲಹೊಂಗಲದ ಮನೆಯಲ್ಲಿ ನಮ್ಮಣ್ಣ, "ನಾ ಮೊದಲ ಹೇಳಿದ್ದೆ" ಎನ್ನಲು ಗಂಟಲು ಸರಿಮಾಡಿಕೊಂಡು ಕುಳಿತಿದ್ದ.

೧. ಖಾಲಿ ಡಬ್ಬಿ

ಸೀಮೆಎಣ್ಣೆಯ, ನಮ್ಮ ಕಡೆಯ ಮಾತಿನಲ್ಲಿ ಘಾಸಲೇಟಿನ, ಖಾಲಿ ಡಬ್ಬಿಯಿಂದ ಬ್ರೆಡ್ಡು ಸುಡುವ ಭಟ್ಟಿ ಮಾಡುವುದನ್ನು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ತಳಕ್ಕೆ ಉಸುಕು, ನಡುವೆ ತಟ್ಟೆ, ಕೆಳಗೂ ಮೇಲೂ ಕೆಂಡ. ರಾಮದುರ್ಗದಿಂದ ದಿನಾ ಬರುವ ಮೋಟಾರಿನ ಡ್ರೈವರ್ ಚಾಚಾನಿಗೆ ಒಂದು ಡಬ್ಬಿ ತರಲು ಹೇಳಿದೆ.

"ಯಾಕ ಬೇಕ್ರಿ ಬಾಯಾರ?"

"ರೊಟ್ಟಿ ಮಾಡಾಕ."

ಚಾಚಾ ಒಮ್ಮೆ ತನ್ನ ಮೋಟಾರನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಘಾಸಲೇಟ್ ಹಾಕಿದ್ರ ನನ್ನ ಗಾಡೀನ ಓಡಂಗಿಲ್ರಿ. ಮನಷ್ಯಾರು ಹೆಂಗ ಓಡತಾರ?"

೨. ಮೊದಲ ಬ್ರೆಡ್ಡು

ಬ್ರೆಡ್ಡಿಗೆ ಗೋಧಿಹಿಟ್ಟು ಬೇಕೆಂದು ಕಲಿತಿದ್ದೆ. ಆದರೂ ನನ್ನದೊಂದು ಜಾಣತನ ಇರಲೆಂದು ಬರೀ ಜೋಳದ ಹಿಟ್ಟಿನಲ್ಲಿ ಮಾಡಿದೆ. ಅದು ಉಬ್ಬಲಿಲ್ಲ. ಉಬ್ಬುವ ವಿಚಾರವೇ ಅದಕ್ಕೆ ಇದ್ದಂತೆ ಕಾಣಲಿಲ್ಲ.

ತೆಳ್ಳಗೆ ರೊಟ್ಟಿ ಬಡಿಯುವುದರಲ್ಲಿ ಊರಿಗೇ ಹೆಸರಾದ ಅಜ್ಜಿಯೊಬ್ಬಳು ಕ್ಲಾಸಿಗೆ ಬರುತ್ತಿದ್ದಳು. ಆಕೆ ಹೂಂ ಅಂದರೆ ಎಲ್ಲರೂ ಹೂಂ. ಬ್ರೆಡ್ಡನ್ನು ಅಂಗೈಯಲ್ಲಿ ತೂಗಿ ನೋಡಿ, ನೆಲಕ್ಕೆ ಎರಡು ಸಲ ಕುಟ್ಟಿದಳು. ನೆಲಕ್ಕೇ ಕಚ್ಚು ಬಿತ್ತು.

"ಚೊಲೊ ಆಗೇತಿ ತಂಗಿ," ಎಂದಳು. "ನಮ್ಮನಿ ಖಾರಾ ಅರಿಯೂ ಗುಂಡು ಒಡದೈತಿ. ಇನ್ನೊಂದು ಮಾಡಿಕೊಡ."

೩. ಒಂದು ಶಬ್ದ

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮರುದಿನ ನಾನು ಭಾಷಣಕ್ಕೆ ನಿಂತೆ. "ಮೆಂತ್ಯೆ ಸೊಪ್ಪು, ಮೊಳಕೆ ಹೆಸರು, ಶೇಂಗಾ, ಎಲ್ಲದರಾಗೂ ಜೀವಸತ್ವ ಅದಾವ. ನೀವು ದಿನಾ ತಿನ್ನಬೇಕು, ಮಕ್ಕಳಿಗೂ ತಿನ್ನಸಬೇಕು" ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದರ ಮರುದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಭಟ್ಟಿ ಹೊತ್ತಿಸಿಕೊಂಡು ಒಬ್ಬಳೇ ಕುಳಿತಿದ್ದೆ. ಅಳುವೇ ಬಂದುಬಿಟ್ಟಿತು.

ಸಂಜೆಯಾಗುವ ಹೊತ್ತಿಗೆ ಅಜ್ಜಿ ಬಂದಳು.

"ತಂಗಿ, ನಾವು ಇಬತ್ತಿ ಹಚ್ಚೂ ಮಂದಿ, ಮಾಂಸ ಮುಟ್ಟಂಗಿಲ್ಲ. ಜೀವ ಸತ್ತಾವ ಅಂತ ನಿನ್ನ ಬಾಯಿಲೇ ಹೇಳಿದಿ. ಗೊತ್ತಿದ್ದೂ ಹೆಂಗ ತಿನ್ನೂಣು?"

"ಸತ್ತಾವ ಅಲ್ಲ ಅಜ್ಜಿ, ಸತ್ವ! ಸತ್ವ!"

"ಅದನ್ನ ನಾನೂ ಹೇಳಾಕ ಹತ್ತೇನಿ. ಸತ್ತಾವ."

ಸೂರ್ಯ ಮುಳುಗುವವರೆಗೂ ಇದೇ ನಡೆಯಿತು. ಕೊನೆಗೆ ಸೋತು, ಇನ್ನು ಆ ಶಬ್ದ ಆಡುವುದಿಲ್ಲವೆಂದು ಮಾತು ಕೊಟ್ಟು, ಹಿಟ್ಟಿನ ಸಾಣಿಗೆಯನ್ನು, ಅಂದರೆ ಜರಡಿಯನ್ನು, ಅವಳ ಕೈಗೇ ಒಪ್ಪಿಸಿದೆ. ಅವಳು ಹಿಟ್ಟು ಸಾಣಿಸಿ, ಬೇಳೆಕಾಳು ಆರಿಸಿ, ಸತ್ತ ಹುಳ ಒಂದೂ ಇಲ್ಲವೆಂದು ಹೂಂ ಅನ್ನುವವರೆಗೆ ನಾನು ಏನನ್ನೂ ಮುಟ್ಟುವಂತಿರಲಿಲ್ಲ. ಹೆಂಗಸರು ಮತ್ತೆ ಬಂದರು. ಅಷ್ಟೇ ಅಲ್ಲ, ಅಜ್ಜಿಯೇ ಜೋಳಕ್ಕೆ ಅರ್ಧ ಗೋಧಿ ಬೆರೆಸಿ, ಶೇಂಗಾಪುಡಿ, ಬೆಲ್ಲ, ಎಳ್ಳು ಸೇರಿಸಿ, ತೆಳ್ಳಗೆ ತಟ್ಟಿ ಭಟ್ಟಿಗಿಟ್ಟಳು. ನನ್ನ ತರಬೇತಿಗೆ ಆಗದ್ದು ಅವಳ ಅಂಗೈಗೆ ಆಯಿತು. ರುಚಿ ನೋಡಿದ ಚಾಚಾ ಅದನ್ನು, ಉರ್ದುವಿನಲ್ಲಿ ಬ್ರೆಡ್ಡಿಗೆ ಅನ್ನುವಂತೆ, "ಡಬಲ್ ರೊಟ್ಟಿ" ಎಂದ. ಡಬ್ಬಿಯಿಂದ ಬಂದದ್ದು ಡಬ್ಬಿ ರೊಟ್ಟಿಯೇ ಎಂದು ಹೆಂಗಸರು ಅವನನ್ನೇ ತಿದ್ದಿದರು.

೪. ಸಾಹೇಬರು ಬಂದರು

ಜೀಪು ಬಂತು. ಚಾವಡಿ ತುಂಬ ಹೆಂಗಸರು. ಸಾಹೇಬರು ಒಂದು ರೊಟ್ಟಿ ತಿಂದರು, ಇನ್ನೊಂದಕ್ಕೆ ತಾವೇ ಕೈಹಾಕಿದರು. ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಅವರು ನೇರ ಅಜ್ಜಿಯ ಕಡೆ ತಿರುಗಿ, ಪುಸ್ತಕದ ಕನ್ನಡದಲ್ಲಿ ಕೇಳಿದರು: "ತಾಯಿ, ಇದರಲ್ಲಿ ಜೀವಸತ್ವ ಎಷ್ಟಿದೆ?"

ಆ ಶಬ್ದವನ್ನು ನಾನು ಎರಡು ತಿಂಗಳಿಂದ ಕನಸಿನಲ್ಲೂ ಆಡಿರಲಿಲ್ಲ.

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಒಂದೂ ಇಲ್ರಿ ಸಾಹೇಬ್ರ! ಮೊದಲ ಈ ತಂಗಿ ಅದಾವ ಅಂತ ಹೇಳತಿದ್ದಳ್ರಿ, ಸಣ್ಣಾಕಿ, ತಿಳೀಲಿಲ್ಲ. ಈಗ ನಾನ ಎರಡೆರಡ ಸಲ ಸಾಣಸ್ತೇನಿ. ಇವತ್ತ ಬೆಲ್ಲದಾಗ ಒಂದ ಇರವಿ ಇತ್ರಿ. ಅದನ್ನೂ ಜೀವಂತ ಹಿತ್ತಲಕ ಬಿಟ್ಟ ಬಂದೇನಿ."

ಸಾಹೇಬರ ಕೈಯ ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು. ನಾನು ಸಣ್ಣ ದನಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ನಕ್ಕ ನಗು ಹೆಂಗಸರಿಗೆ ಕೆಮ್ಮಿನಂತೆ ಕೇಳಿಸಿ, ಒಬ್ಬಾಕೆ ಓಡಿಹೋಗಿ ನೀರು ತಂದಳು. ಕ್ಲಾಸು ಮುಂದುವರಿಯಲಿ ಎಂದು ಬರೆದು, ನಾಲ್ಕು ರೊಟ್ಟಿ ಕಟ್ಟಿಸಿಕೊಂಡು ಹೋದರು.

ನನಗೆ ಅಜ್ಜಿಯ ಕೊರಳಿಗೆ ಬೀಳುವಷ್ಟು ಪ್ರೀತಿ ಉಕ್ಕಿತು. ಅವಳ ಕಣ್ಣು ಮಾತ್ರ ಜೀಪಿನ ಧೂಳಿನ ಮೇಲೇ ಇತ್ತು.

"ಭಾಳ ಶಾಣ್ಯಾ ಮನಷಾ," ಎಂದಳು. "ಎಲ್ಲಾ ಬಿಟ್ಟು ಅದನ್ನ ಕೇಳಿದ ನೋಡು! ನಾ ಸಾಣಿಗಿ ಹಿಡೀಲಿಲ್ಲಂದ್ರ ನಿನ್ನ ನೌಕರಿ ಇವತ್ತ ಹೋಗಿತ್ತ ತಂಗಿ."