ಹಾಡಿಗೆ ಮುಂಚಿನ ಗುಸುಗುಸು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಹನ್ನೊಂದು ಸೆಕೆಂಡಿನ ಗುಸುಗುಸು.

ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ದೇವರಾಜುವಿನ ಹೆಂಡತಿ ವನಜಾ ಗಂಟಲ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ದನಿಯೆಂದು ಅವನ ಬಳಿ ಉಳಿದದ್ದು ಒಂದೇ ಒಂದು ಸೋಬಾನೆ ಪದ. ಬೆಳಕವಾಡಿಯ ನೆಂಟರ ಮದುವೆಯಲ್ಲಿ, ಹೆಣ್ಣಿಗೆ ಅರಿಸಿನ ಹಚ್ಚುವಾಗ ಹೇಳಿದ್ದು. ಹೆಂಗಸರು ಸೇರಿದ ಆ ಕೋಣೆಯಲ್ಲಿ ಗಂಡಸರನ್ನು ನಿಲ್ಲಗೊಡುವುದಿಲ್ಲ. ದೇವರಾಜು ಫೋನಿನಲ್ಲಿ ರೆಕಾರ್ಡಿಂಗ್ ಗುಂಡಿ ಒತ್ತಿ ಕಿಟಕಿಯಲ್ಲಿಟ್ಟವನೇ ಊಟದ ಪಂಕ್ತಿಗೆ ಓಡಿದ್ದ. ಮೊದಲ ಪಂಕ್ತಿ ತಪ್ಪಿಸಿಕೊಳ್ಳುವ ಜಾಯಮಾನ ಅವನದಲ್ಲ.

ನಿಜ ಹೇಳಬೇಕೆಂದರೆ, ಅವಳಿದ್ದಾಗ ಆತ ಕೂತು ಅವಳ ಪದ ಕೇಳಿದ್ದೇ ಇಲ್ಲ. ಅಡುಗೆಮನೆಯಲ್ಲಿ ಅವಳು ಗುನುಗಿದರೆ ಟೀವಿಯ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದ. ಈಗ ದಿನಾ ಸಂಜೆ ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕೂತು ಅದೇ ಪದ ಕೇಳಿ, ಕಣ್ಣೊರೆಸಿಕೊಂಡು, ಆಮೇಲೆ ಒಬ್ಬನ ಲೆಕ್ಕಕ್ಕೆ ಅಕ್ಕಿ ತೊಳೆಯುತ್ತಿದ್ದ.

ಪದ ಶುರುವಾಗುವ ಮುಂಚೆ ಒಂದಿಷ್ಟು ಗುಸುಗುಸು ಇತ್ತು. ಅದರೊಳಗೆ ವನಜಾ ಏನೋ ಮಾತಾಡುತ್ತಿದ್ದಾಳೆ ಎಂಬುದು ಅವನಿಗೆ ಖಾತ್ರಿ. ಏನು? ಯಾರಿಗೆ? ತನ್ನ ಬಗ್ಗೆಯೇ ಏನಾದರೂ ಅಂದಳೋ? ಈ ಹುಳ ತಲೆಯೊಳಗೆ ಹೊಕ್ಕಮೇಲೆ ಅವನಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಫೋನಿಗೆ ಕಿವಿ ಒತ್ತಿ ಕೇಳಿದ. ಆಂಪ್ಲಿಫೈಯರ್ ತಂದ. ಸೊಂಟದೆತ್ತರದ ಎರಡು ಸ್ಪೀಕರ್ ತಂದು ನಿಲ್ಲಿಸಿದ. ಗುಸುಗುಸು ದೊಡ್ಡದಾಯಿತೇ ಹೊರತು ಮಾತಾಗಲಿಲ್ಲ. ಮಂಡ್ಯದ ಆಡಿಯೋ ಅಂಗಡಿಯ ರವಿಚಂದ್ರ ಫೋನಿನಲ್ಲಿ ಎಲ್ಲ ಕೇಳಿಕೊಂಡು, "ನೀವು ಬ್ಲೂಟೂತಲ್ಲಿ ಕೇಳ್ತಿದ್ದೀರಿ ಸರ್, ಅರ್ಧ ದನಿ ದಾರೀಲೇ ಉದುರಿಹೋಗುತ್ತೆ. ನಿಮಗೆ ಒಳ್ಳೇ ಸ್ಟ್ರೀಮರ್ ಬೇಕು. ಮೆಮೊರಿ ಕಾರ್ಡ್ ತಗೊಂಡು ಬನ್ನಿ" ಎಂದ.

ಶನಿವಾರ ರಜೆ ಹಾಕಿ ದೇವರಾಜು ಹೊರಟಾಗ ಜೊತೆ ಕೆಲಸದ ಸಿದ್ದರಾಮು ತಾನೂ ರಜೆ ಹಾಕಿ ಬಂದ. ಹೆಣ್ಣು ನೋಡುವುದಿರಲಿ, ಮಿಕ್ಸಿ ಕೊಳ್ಳುವುದಿರಲಿ, ಅವನಿಲ್ಲದೆ ಕಾರ್ಖಾನೆಯಲ್ಲಿ ಯಾರದೂ ಇತ್ಯರ್ಥವಾಗುತ್ತಿರಲಿಲ್ಲ. ಅದು ಸರಿ. ಆದರೆ ಯಾರೂ ಕರೆಯದೆ ಪಕ್ಕದ ಮನೆಯ ಪಟ್ಟಲಮ್ಮನೂ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟಾಪಿಗೆ ಬಂದು ನಿಂತಿದ್ದಳು. ವನಜಾ ಮತ್ತು ಪಟ್ಟಲಮ್ಮ ಸೋಬಾನೆಯಲ್ಲಿ ಜೋಡಿ. ಒಬ್ಬಳು ಹೇಳಿಕೊಟ್ಟರೆ ಇನ್ನೊಬ್ಬಳು ಎತ್ತಿಕೊಳ್ಳುವಳು. ವನಜಾ ಹೋದ ದಿನದಿಂದ ಪಟ್ಟಲಮ್ಮ ಪದವನ್ನೇ ಬಿಟ್ಟಿದ್ದಳು. ಸ್ವಂತ ಮೊಮ್ಮಗಳು ಶ್ವೇತಳ ಮದುವೆಯಲ್ಲೂ ಬಾಯಿ ತೆರೆಯಲಿಲ್ಲ. ಸ್ನೇಹವೆಂದರೆ ಇದು ಎಂದು ಬೀದಿಯವರೆಲ್ಲ ಹೊಗಳಿದ್ದರು.

"ಮಾತಾಡೋ ಬಾಯೇ ಓಯ್ತು, ಇನ್ ಡಬ್ಬ ತಂದು ಏನ್ ಮಾಡೀಯೆ ದೇವ್ರಾಜ? ಅದ್ರ ಬದ್ಲು ಒಂದು ಎಮ್ಮೆ ಕಟ್ಕೊ" ಎಂದಳು ಪಟ್ಟಲಮ್ಮ.

"ಎಮ್ಮೆ ವನಜಾನ ಮಾತ್ ಆಡ್ತದಾ ಅಕ್ಕ?"

"ಮಾತ್ ಆಡ್ದಿದ್ರೆ ಬುಡು, ಆಲಾದ್ರೂ ಕೊಡ್ತದೆ."

ರವಿಚಂದ್ರನ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಗೋಡೆಗೆಲ್ಲ ಹಾಸಿಗೆಯಂಥದ್ದು ಹೊಡೆದಿದ್ದರು. ಮೇಜಿನ ಮೇಲೆ ಸ್ಟ್ರೀಮರಿನ ಎರಡು ಪೆಟ್ಟಿಗೆ, ಒಂದು ಸಣ್ಣದು, ಒಂದು ದೊಡ್ಡದು.

"ಆನ್ ಮಾಡಿ ಸಾರ್, ಆಡ್ಲಿ ನೋಡವ" ಎಂದ ಸಿದ್ದರಾಮು.

"ಇದು ಹಾಡಲ್ಲ ಸರ್. ಹಾಡನ್ನ ತಂದು ಆಂಪ್ಲಿಫೈಯರ್‌ಗೆ ಕೊಡುತ್ತೆ, ಅಷ್ಟೆ."

"ಅಂಗಂದ್ರೆ ಪೋಸ್ಟ್‌ಮ್ಯಾನು! ಪೋಸ್ಟ್‌ಮ್ಯಾನ್ಗೆ ಇಷ್ಟೊಂದ್ ರೇಟಾ?"

"ಕಾಗದ ಸುಕ್ಕಾಗದಂಗೆ ತಲುಪಬೇಕಲ್ಲ ಸರ್" ಎಂದ ರವಿಚಂದ್ರ, ನೊಂದುಕೊಂಡು.

ಸಿದ್ದರಾಮು ಎರಡೂ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ, ಸಂತೆಯಲ್ಲಿ ಕುಂಬಳಕಾಯಿ ನೋಡುವಂತೆ ತೂಗಿ ನೋಡಿದ. "ದೊಡ್ಡದ್ನೇ ತಕೊ ಕಣ್ಲಾ, ಇದ್ರೊಳ್ಗೆ ಸರಕೈತೆ" ಎಂದು ತೀರ್ಪು ಕೊಟ್ಟ.

ಮೊದಲು ಸಣ್ಣದಕ್ಕೆ ಕಾರ್ಡು ಹಾಕಿದರು. ದೇವರಾಜು ಸ್ಪೀಕರಿನ ಕಡೆಗೆ ಬಾಗಿ ಕೂತ. ಅಲ್ಲಿಯವರೆಗೆ ಒಂದೇ ಮುದ್ದೆಯಾಗಿದ್ದ ಸದ್ದು ಬಿಡಿಬಿಡಿಯಾಯಿತು. ಬಳೆ ಸದ್ದು ಬೇರೆ, ಮಗುವಿನ ಅಳು ಬೇರೆ. ನಡುವೆ ಒಂದು ಮಾತು ತೇಲಿಬಂತು.

"ಗಂಟ್ಲು! ಗಂಟ್ಲು ಅಂದ್ಲು ಕಣ್ಲಾ ಸಿದ್ದ!" ದೇವರಾಜು ಎದ್ದು ನಿಂತುಬಿಟ್ಟ. "ಇನ್ನೊಂದ್ಸಲ ಆಕಿ ಸಾರ್."

ಎರಡನೇ ಸಲಕ್ಕೆ ಪಟ್ಟಲಮ್ಮನಿಗೆ ಕೆಮ್ಮು ಹತ್ತಿತು. ಸಾಮಾನ್ಯ ಕೆಮ್ಮಲ್ಲ, ರವಿಚಂದ್ರ ಓಡಿಹೋಗಿ ನೀರು ತರುವಂಥ ಕೆಮ್ಮು. ಮೂರನೇ ಸಲ ಹಾಕಿದಾಗ ಮತ್ತೆ ಅದೇ ಜಾಗಕ್ಕೆ ಸರಿಯಾಗಿ ಕೆಮ್ಮಿದಳು. ನಾಲ್ಕನೇ ಸಲ, ಬಸ್ಸಿಗೆ ಹೊತ್ತಾಯಿತೆಂದು ಎದ್ದವಳ ಕಾಲಿಗೆ ವೈರು ಸಿಕ್ಕಿ, ಪ್ಲಗ್ಗು ಕಿತ್ತುಬಂದು, ಅಂಗಡಿಯೇ ಮೌನವಾಯಿತು.

"ಈ ಡಬ್ಬ ಸರಿಗಿಲ್ಲ ಕಣ್ರಪ್ಪ, ನಡೀರಿ ಓಗವ" ಎಂದಳು.

ದೇವರಾಜುವಿಗೆ ಎಲ್ಲಿಲ್ಲದ ಸಿಟ್ಟು ಬಂತು. ಜನ್ಮದಲ್ಲಿ ಅವಳಿಗೆ ಎದುರಾಡಿದವನಲ್ಲ. "ನಿಂಗೆ ಒಟ್ಟೆಕಿಚ್ಚು ಕಣಕ್ಕ! ಅವ್ಳ ಪದ ಉಳೀತು, ನಿಂದು ಯಾರೂ ಮಡೀಕಂಡಿಲ್ಲ ಅಂತ ಒಟ್ಟೆಕಿಚ್ಚು!"

ಪಟ್ಟಲಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಳು.

"ದೊಡ್ಡದು ಆಕಿ ಸಾರ್" ಎಂದ ದೇವರಾಜು.

"ಇರೋದು ಇದೊಂದೇ ಪೀಸು ಸರ್. ಸೀಲ್ ಒಡೆದರೆ ವಾಪಸ್ ತಗೊಳಲ್ಲ ನಾವು."

"ಒಡೀರಿ."

ಬ್ಯಾಂಕಿನ ಕಾರ್ಡು ಉಜ್ಜಿ, ಸಹಿ ಹಾಕಿ, ಪೆಟ್ಟಿಗೆ ತನ್ನದಾದ ಮೇಲೆ ದೇವರಾಜು ಕಣ್ಣು ಮುಚ್ಚಿ ಕೂತ. ರವಿಚಂದ್ರ ಗುಂಡಿ ಒತ್ತಿದ. ಬಳೆ ಸದ್ದಾಯಿತು. ಮಗು ಅತ್ತಿತು. ಆಮೇಲೆ ವನಜಾ ಆ ಕೋಣೆಯೊಳಗೆ, ಎರಡು ಮಾರು ದೂರದಲ್ಲಿ ನಿಂತವಳಂತೆ ಮಾತಾಡಿದಳು. ಒಡೆದ, ಗೊಗ್ಗರು ದನಿ.

"ಅಕ್ಕ, ನೀನೇ ಯೋಳಕ್ಕ. ನಂಗೆ ಗಂಟ್ಲು ಬತ್ತಾ ಇಲ್ಲ, ಮೂರ್ ತಿಂಗ್ಳಾಯ್ತು. ನಮ್ಮೋರು ಫೋನ್ ಇಟ್ಟೋಗವ್ರೆ. ನಾನೇ ಯೋಳ್ದೆ ಅಂತೀನಿ. ಗಂಟ್ಲು ಇಚಾರ ಅವ್ರಿಗೆ ಯೋಳ್ಬ್ಯಾಡ, ಎದ್ರುಕತಾರೆ."

"ಆಗ್ಲಿ ಬುಡವ್ವ" ಎಂದಿತು ಇನ್ನೊಂದು ದನಿ. ಅದೇ ದನಿ ಗಂಟಲು ಸರಿಮಾಡಿಕೊಂಡು ಪದ ಎತ್ತಿಕೊಂಡಿತು. ಎರಡು ವರ್ಷ ದೇವರಾಜು ಕೇಳಿ ಅತ್ತ ಪದ. ಒಂದೊಂದು ಅಕ್ಷರವೂ ಪಟ್ಟಲಮ್ಮನದು.

ಯಾರೂ ನಿಲ್ಲಿಸಲಿಲ್ಲವಾಗಿ ಪದ ಕೊನೆಯವರೆಗೂ ನಡೆಯಿತು.

ದೇವರಾಜುವಿಗೆ ನೆನಪಾದದ್ದು ಮೈಸೂರಿನ ಆಸ್ಪತ್ರೆ. ಆ ಮದುವೆಯಾಗಿ ನಾಲ್ಕು ತಿಂಗಳ ಮೇಲೆ ಹೋಗಿದ್ದರು. "ಎಷ್ಟು ದಿನದಿಂದ ದನಿ ಹೀಗಿದೆ?" ಎಂದು ಡಾಕ್ಟರು ಕೇಳಿದಾಗ, ವನಜಾ ಬಾಯಿಬಿಡುವ ಮುಂಚೆ ಇವನೇ, "ಮೊನ್ನೆ ಮೊನ್ನೆ ಸುರುವಾಯ್ತು ಸಾರ್" ಎಂದಿದ್ದ. ದಿನಾ ಜೊತೆಗಿದ್ದವನು. ಅವಳ ದನಿ ಹೋಗಿ ಏಳು ತಿಂಗಳಾಗಿತ್ತು, ಅವನಿಗೆ ಕೇಳಿಸಿರಲಿಲ್ಲ. ದೇವರಾಜು ಸ್ಪೀಕರಿನ ಮೇಲೆ ಕೈಯೂರಿ ನಿಂತ.

"ಸರ್, ಕ್ಲಾರಿಟಿ ಹೇಗಿದೆ?" ಎಂದ ರವಿಚಂದ್ರ, ಪಾಪ, ಏನೂ ಅರಿಯದೆ.

"ಚೆನ್ನಾಗೈತೆ ಸಾರ್" ಎಂದ ದೇವರಾಜು.

ವಾಪಸ್ ಬರುವ ಬಸ್ಸಿನಲ್ಲಿ ಶನಿವಾರದ ರಶ್ಶು. ಇಬ್ಬರು ಕೂರುವ ಸೀಟಿನಲ್ಲಿ ಒಂದು ಕಡೆ ದೇವರಾಜು, ಇನ್ನೊಂದು ಕಡೆ ಪೆಟ್ಟಿಗೆ. ಕಂಡಕ್ಟರು ಪೆಟ್ಟಿಗೆಗೂ ಲಗೇಜು ಟಿಕೇಟು ಹರಿದ. ಸಿದ್ದರಾಮು ಬಾಗಿಲ ಹತ್ತಿರ ನಿಂತು, ಯಾರಿಗೂ ಏನೂ ಹೇಳಿಕೊಡದೆ, ರಸ್ತೆ ನೋಡುತ್ತಿದ್ದ. ಪಟ್ಟಲಮ್ಮ ಮೇಲಿನ ಕಂಬಿಗೆ ಕೈ ಎಟುಕದೆ, ಸೀಟಿನ ಹಿಡಿ ಹಿಡಿದು ಜೋಲಿ ಹೊಡೆಯುತ್ತಾ ನಿಂತಿದ್ದಳು.

ಊರು ಹತ್ತಿರವಾಗುತ್ತಿದ್ದಂತೆ ಅವಳು ಬಗ್ಗಿ, ತಪ್ಪು ಮಾಡಿದವಳಂತೆ ಮೆತ್ತಗೆ ಕೇಳಿದಳು.

"ನಾಡಿದ್ದು ನಮ್ ಬೀದಿ ಮಹದೇವು ಮಗಳ ಅರಿಸಿನ ಕಣಪ್ಪ. ಕರ್ದವ್ರೆ. ನನ್ ದನಿ ಗೊತ್ತಾಗ್ಬುಟ್ಟಾತು ನಿಂಗೆ ಅಂತ ಇಷ್ಟ್ ದಿನ ಬಾಯ್ ಮುಚ್ಕಂಡಿದ್ದೆ. ಇನ್ಮ್ಯಾಕೆ ನಾನು ಪದ ಯೋಳ್ಬೋದಾ ದೇವ್ರಾಜ?"

ದೇವರಾಜು ಸೀಟಿನ ಮೇಲಿದ್ದ ಪೆಟ್ಟಿಗೆಯನ್ನು ಎತ್ತಿ ಕಾಲ ಕೆಳಗಿಟ್ಟು, ಅವಳು ಕೂರುವುದಕ್ಕೆ ಜಾಗ ಬಿಟ್ಟ.