ಅಗಿಯದೆ ನುಂಗುವ ಸಬ್ಬಕ್ಕಿ

ಇನ್ನು ಮುಂದೆ ಒಂದೇ ಒಂದು ಮಣಿಯನ್ನೂ ಕೊಳ್ಳುವುದಿಲ್ಲ ಎಂದು ಮಲಾಕಾದ ಸಿಯೋಕ್ ನಿಯೋ ಪ್ರತಿಜ್ಞೆ ಮಾಡಿದಾಗ ಆಕೆಗೆ ಅರವತ್ತಾರು ವರ್ಷ. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವಳು; ಆಡಿದ ಮಾತಿಗೆ ತಪ್ಪಿದವರನ್ನು ಬಿಸಿಲಲ್ಲಿ ನಿಲ್ಲಿಸಿದವಳು. ಮನೆಯಲ್ಲಿ ಆಗಲೇ ಮೂರು ಬೀರುಗಳ ತುಂಬ ಚಪ್ಪಲಿಗೆ ಹೊಲಿಯುವ ಗಾಜಿನ ಮಣಿಗಳಿದ್ದವು. ಊರಿನ ಹೆಂಗಸರೆಲ್ಲ ಏಳು ಜನ್ಮ ಕೂತು ಹೊಲಿದರೂ ಮುಗಿಯದಷ್ಟು. ಆಕೆ ಈವರೆಗೆ ಹೊಲಿದು ಮುಗಿಸಿದ್ದು ಒಂದು ಚಪ್ಪಲಿ. ಎಡಗಾಲಿನದು.

"ಇನ್ನೊಂದು ಮಣಿ ಈ ಹೊಸ್ತಿಲು ದಾಟಿದರೆ, ಒಂದೂ ಬಿಡದೆ ಎಲ್ಲವನ್ನೂ ನನ್ನ ಶಾಲೆಗೆ ಕೊಟ್ಟುಬಿಡ್ತೀನಿ," ಎಂದಳು ಗಂಡನಿಗೆ.

ತಿಯಾನ್ ಬೆಂಗ್ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಬರೆದು ಸಹಿ ಹಾಕು."

ಹಾಕಿದಳು.

ಹದಿನೇಳನೆಯ ದಿನ, ಅಂಗಡಿ ಮುಚ್ಚುತ್ತಿದ್ದ ಮುದುಕನೊಬ್ಬನ ಬಳಿ ಹಳೆಯ ಕಾಲದ ಹಾಲುಬಿಳಿ ಮಣಿ ಸಿಕ್ಕಿತು. ಅಂಥ ಬಿಳಿಯನ್ನು ಈಗ ಯಾರೂ ತಯಾರಿಸುವುದಿಲ್ಲ. ಮಗಳಿಗೆ ಗಂಡು ಗೊತ್ತಾಗಿತ್ತು. ಗಂಡಿನ ತಾಯಿಗೆ ಮಣಿಚಪ್ಪಲಿ ಕೊಡಬೇಕು, ಚಪ್ಪಲಿಯ ಮೇಲೆ ಕೊಕ್ಕರೆ ಇರಬೇಕು, ಕೊಕ್ಕರೆ ಬೆಳ್ಳಗಿರಬೇಕು. ಹಾಗಾಗಿ ಇದು ಖರೀದಿಯಲ್ಲ, ಕರ್ತವ್ಯ. ಆ ಕರ್ತವ್ಯವನ್ನು ಅಡುಗೆಮನೆಗೆ ಒಯ್ದು ಸಬ್ಬಕ್ಕಿಯ ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು. ಬಿಳಿಯಲ್ಲಿ ಬಿಳಿ ಯಾರಿಗೆ ಕಾಣುತ್ತದೆ? ಬೇಕಾದಾಗ ಜರಡಿ ಹಿಡಿದರಾಯಿತು. ಗಂಡನಂತೂ ಒಲೆಯ ಹತ್ತಿರ ಸುಳಿಯುವುದು ವರ್ಷಕ್ಕೊಮ್ಮೆ.

ಆ ವರ್ಷದ ಸರದಿ ಭಾನುವಾರ ಬಂತು. ಮದುವೆಯ ದಿನ ಗೊತ್ತುಮಾಡಲು ಬೀಗಿತ್ತಿ ಸುವಾನ್ ಬಂದಿದ್ದಳು; ಹಿರಿಯ ಹೆಂಗಸಾದ್ದರಿಂದ ಎಲ್ಲರಿಗೂ ಅವಳು 'ಬಿಬಿಕ್'. ಯಾವ ದಿನ ಪೊರಕೆ ಮುಟ್ಟಬಾರದು, ಮದುಮಗಳು ಯಾವ ಕಾಲು ಮುಂದಿಡಬೇಕು, ಎಲ್ಲದಕ್ಕೂ ಊರಿಗೆ ಅವಳ ಮಾತೇ ಕೊನೆ. ತನಗೆ ಗೊತ್ತಿಲ್ಲದ ಪದ್ಧತಿಯೊಂದು ಇದೆ ಎಂದು ಅವಳು ಇದುವರೆಗೆ ಒಪ್ಪಿಕೊಂಡದ್ದಿಲ್ಲ.

ಹೆಂಗಸರಿಬ್ಬರೂ ಪಂಚಾಂಗದಲ್ಲಿ ಮುಳುಗಿದ್ದಾಗ ತಿಯಾನ್ ಬೆಂಗ್ ತಾನೇ ಸಬ್ಬಕ್ಕಿ ಬೇಯಿಸಿ, ತೆಂಗಿನಹಾಲು, ತಾಳೆಬೆಲ್ಲದ ಪಾಕ ಸುರಿದು, ಮೂರು ಬಟ್ಟಲು ತಂದಿಟ್ಟ.

"ಒಂದು ಗಂಟೆ ಕುದಿಸಿದೆ ಕಣೇ. ಅರ್ಧ ಬೆಂತು, ಇನ್ನರ್ಧ ಹಠ ಹಿಡಿದು ಕೂತಿದೆ."

ನಿಯೋ ಬಟ್ಟಲೊಳಗೆ ನೋಡಿದಳು. ಹಠ ಹಿಡಿದವು ಯಾರೆಂದು ತಿಳಿಯಿತು. ಹೇಳಿದರೆ ಮೂರು ಬೀರು ಹೋಗುತ್ತವೆ. ಹೇಳದಿದ್ದರೆ ಬೀಗಿತ್ತಿಯ ಹಲ್ಲು ಹೋಗುತ್ತವೆ. ಹಲ್ಲು ಬೇರೆಯವರದು.

"ಬಿಬಿಕ್, ಅಗೀಬೇಡಿ," ಎಂದಳು. "ಹಾಗೇ ನುಂಗಿ. ಮದುವೆ ದಿನ ಇಟ್ಟಾಗ ಸಬ್ಬಕ್ಕಿ ಅಗಿಯಬಾರದು. ನಮ್ಮಲ್ಲಿ ಪದ್ಧತಿ."

ಬಾಯಿಗೆ ಹೊರಟಿದ್ದ ಸುವಾನಳ ಚಮಚ ಅರ್ಧದಲ್ಲೇ ನಿಂತಿತು.

"ನಿಮ್ಮಲ್ಲಿ ಅಂದ್ರೆ? ನಮ್ಮಲ್ಲೂ ಇದೆ. ನಮ್ಮಜ್ಜಿ ಎರಡು ಬಟ್ಟಲು ನುಂಗ್ತಿದ್ರು. ಈಗಿನವರು ಒಂದಕ್ಕೇ ಕೈ ತೊಳೀತಾರೆ."

"ಒಂದು ಸಾಕು ಬಿಬಿಕ್."

"ಶಾಸ್ತ್ರದಲ್ಲಿ ಜಿಪುಣತನ ಬೇಡಮ್ಮ. ಇನ್ನೊಂದು ಬಡಿಸು."

ನಿಯೋ ಬಡಿಸಿದಳು. ಹಳೆಯ ಕಾಲದ ಹಾಲುಬಿಳಿ ಮಣಿ ಚಮಚ ಚಮಚವಾಗಿ ಬೀಗಿತ್ತಿಯ ಗಂಟಲಲ್ಲಿ ಇಳಿಯುವುದನ್ನು ಬೆನ್ನು ನೆಟ್ಟಗಿಟ್ಟುಕೊಂಡು ನೋಡಿದಳು. ಕೊಕ್ಕರೆಯ ಒಂದು ರೆಕ್ಕೆ ಹೋಯಿತು. ಆಮೇಲೆ ಇನ್ನೊಂದು. ಪದ್ಧತಿ ತನ್ನದೇ ಆದ್ದರಿಂದ ಕೊಕ್ಕರೆಯ ಕತ್ತನ್ನು ತಾನೇ ನುಂಗಬೇಕಾಯಿತು.

ದಿನ ಗೊತ್ತಾಯಿತು. "ಇಷ್ಟು ಶಾಸ್ತ್ರ ತಿಳಿದ ಮನೆತನ ಈಗೆಲ್ಲಿದೆ," ಎನ್ನುತ್ತ ಸುವಾನ್ ಹೊಟ್ಟೆ ಸವರಿಕೊಂಡು ಕಾರು ಹತ್ತಿದಳು.

ನಿಯೋ ಒಳಗೆ ಬಂದಾಗ ತಿಯಾನ್ ಬೆಂಗ್ ತಟ್ಟೆಯೊಂದರಲ್ಲಿ ಬಿಳಿ ಮಣಿಗಳನ್ನು ತೊಳೆದು ಸಾಲಾಗಿ ಜೋಡಿಸುತ್ತಿದ್ದ.

"ನಾನು ಅಗಿದುಬಿಟ್ಟೆ," ಎಂದ. "ನನಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ."

ಆಕೆ ಕುರ್ಚಿ ಎಳೆದುಕೊಂಡು ಕೂತಳು. "ಶಾಲೆಯವರಿಗೆ ಫೋನ್ ಮಾಡಿದ್ರಾ?"

"ಮಾಡ್ದೆ. ಗುರುವಾರ ಗಾಡಿ ಕಳಿಸ್ತಾರಂತೆ. ಒಂದೂ ಬಿಡದೆ ಅಂತ ನೀನೇ ಹೇಳಿದ್ದೀಯ."

"ಬಿಳಿಯದರಲ್ಲಿ ಇಷ್ಟೇ ಉಳಿದಿರೋದು."

"ನಿನ್ನ ಪಾಲಿನದು ಗುರುವಾರದೊಳಗೆ ಬಂದಿರುತ್ತೆ," ಎಂದು ತಿಯಾನ್ ಬೆಂಗ್ ತಟ್ಟೆಯನ್ನು ಆಕೆಯ ಕಡೆ ಸರಿಸಿದ. "ಬೀಗಿತ್ತಿಯದನ್ನ ಕೇಳಿ ತರೋದು ಮಾತ್ರ ನಿನ್ನ ಕೆಲಸ."